ವಿಸ್ಕಾನ್ಸಿನ್‌ನಲ್ಲಿ ಮೊದಲ ಜಿಂಕೆ ಬೇಟೆ: ಅನುಭವ ಇರುವವರು ದಯವಿಟ್ಟು ತಿಳಿಸಿ

ಮ್ಯಾಡಿಸನ್ ವಾಸಿ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬರುವ ನವೆಂಬರ್‌ನ ಒಂಬತ್ತು ದಿನಗಳ ಕೋವಿ ಬೇಟೆಗೆ ಮೂವರು ಸಹೋದ್ಯೋಗಿಗಳು ಉತ್ತರದ ಕಡೆಯ ತಮ್ಮ ಕ್ಯಾಬಿನ್‌ಗೆ ಕರೆದಿದ್ದಾರೆ. ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿದ್ದೇನೆ. ಕೋವಿ ಕೊಳ್ಳಬೇಕೇ, ಅವರದನ್ನೇ ಬಳಸಬಹುದೇ, ಒಟ್ಟು ಖರ್ಚು ಎಷ್ಟಾದೀತು?

ತೀರ್ಥಹಳ್ಳಿ ಮೂಲದವನು: ನಾನು ಮೊದಲ ಸಲ ಹೋದದ್ದು 2019ರಲ್ಲಿ, ಎಚ್-1ಬಿಯಲ್ಲಿದ್ದಾಗಲೇ. ಎಚ್-1ಬಿಯಂಥ ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗೆಳೆಯನ ಕೋವಿಯನ್ನು ಕೈಗೆ ತೆಗೆದುಕೊಂಡರೂ ಅದು ಹೊಂದಿದಂತೆಯೇ ಎಂಬುದು ಗೊತ್ತಿಲ್ಲದೆ, ಲೈಸೆನ್ಸ್ ಪಡೆಯುವ ಮೊದಲೇ ಒಂದು ಭಾನುವಾರ ಗುರಿ ಅಭ್ಯಾಸಕ್ಕೆ ಹೋಗಿ ಇಪ್ಪತ್ತು ಈಡು ಹೊಡೆದು ಬಂದೆ. ವಕೀಲರು ವಿಷಯ ತಿಳಿಸಿದ ಮೇಲೆ ಎರಡು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ಇಲ್ಲಿನ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುವುದರಿಂದ, ಅದನ್ನು ಹೊಸದಾಗಿ ಮಾಡಿಸುವ ತನಕ ಕೋವಿ ಮನೆಯಲ್ಲಿರಬಾರದೆಂಬುದನ್ನೂ ಅವರೇ ಹೇಳಿದರು.

ಖರ್ಚಿನ ಲೆಕ್ಕವನ್ನು ಇಂದಿಗೂ ಬರೆದಿಟ್ಟುಕೊಂಡಿದ್ದೇನೆ. ಲೈಸೆನ್ಸ್ 24 ಡಾಲರ್, ಸೆಕೆಂಡ್ ಹ್ಯಾಂಡ್ ರೈಫಲ್ 480, ಗುರಿ ನೋಡುವ ಸ್ಕೋಪ್ ಮತ್ತು ಅದನ್ನು ಕೋವಿಗೆ ಬಿಗಿಯುವ ಮೌಂಟ್ 245, ಬೂಟು 190, ಕಿತ್ತಳೆ ಬಣ್ಣದ ಜಾಕೆಟ್ ಮತ್ತು ಪ್ಯಾಂಟು 210, ಮರದ ಅಟ್ಟಣೆಯಿಂದ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್ 95, ಕ್ಯಾಬಿನ್‌ನ ನನ್ನ ಪಾಲು 120. ಒಟ್ಟು 1,364 ಡಾಲರ್. ಇಷ್ಟಾದ ಮೇಲೂ ಐದು ಗಂಟೆಯ ಪ್ರಯಾಣದಲ್ಲಿ ಮೌಂಟ್‌ನ ಒಂದು ಸ್ಕ್ರೂ ಸಡಿಲಗೊಂಡದ್ದು ಗೊತ್ತಾಗದೆ, ಅರವತ್ತು ಗಜ ದೂರದಲ್ಲಿ ಅಡ್ಡಲಾಗಿ ನಿಂತಿದ್ದ ಗಂಡು ಜಿಂಕೆಗೆ ಎರಡು ಗುಂಡು ಹೊಡೆದು ಎರಡೂ ತಪ್ಪಿದವು. ಆ ವರ್ಷ ಬರಿಗೈಯಲ್ಲಿ ಮರಳಿದೆ.

ಕೊಡಗಿನ ಮಗಳು, ಮಿಲ್ವಾಕೀ: ಕ್ಯಾಬಿನ್ ತಲುಪಿದ ಕೂಡಲೇ ಕಾಗದದ ಗುರಿಗೆ ಮೂರು ಗುಂಡು ಹೊಡೆದು ನೋಡಬೇಕಿತ್ತು. ಅದನ್ನು ಮಾಡದೆ ಸ್ಕ್ರೂವನ್ನು ದೂರುವುದು ಸರಿಯಲ್ಲ. ಕೈಲ್ ಪೊಳ್ದ್‌ನ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಲ್ಲಿ ನಾನು ಬೆಳೆದೆ. ಕೋವಿ ಕೈಗೆ ಬಂದೊಡನೆ ತೆರೆದು ಖಾಲಿ ಇದೆಯೇ ಎಂದು ನೋಡುವುದನ್ನು ಅಪ್ಪ ಕಲಿಸಿದ್ದು ನನಗೆ ಒಂಬತ್ತು ವರ್ಷವಾಗಿದ್ದಾಗ. ಇಲ್ಲಿ ನಾನು ಗೆಳತಿಯ ಹಳೆಯ .30-30 ಕೋವಿಯನ್ನೇ ಬಳಸಿದೆ, ಅಟ್ಟಣೆ ಹತ್ತದೆ ನೆಲದ ಮೇಲೆ ಸಣ್ಣ ಸ್ಟೂಲು ಹಾಕಿಕೊಂಡು ಕುಳಿತೆ. ಅಕ್ಟೋಬರ್‌ನ ನಾಲ್ಕು ವಾರಾಂತ್ಯ ಬರಿಗೈಯಲ್ಲಿ ಕಾಡು ಸುತ್ತಿ ಜಿಂಕೆಗಳ ಜಾಡು ಗುರುತು ಮಾಡಿಕೊಂಡಿದ್ದೆ. ಎರಡನೆಯ ಬೆಳಿಗ್ಗೆ ಏಳೂಕಾಲಿಗೆ ಹೆಣ್ಣು ಜಿಂಕೆ ಅದೇ ಜಾಡಿನಲ್ಲಿ ಬಂತು.

ನನಗೆ ದುಬಾರಿಯಾದದ್ದು ಮಾಂಸ ಕತ್ತರಿಸಿಕೊಡುವ ಅಂಗಡಿ. 140 ಡಾಲರ್ ಕೊಟ್ಟ ಮೇಲೆ, ಸಾಸೇಜಿಗೆ ಹತ್ತಾರು ಜನರ ಜಿಂಕೆ ಮಾಂಸವನ್ನು ಒಟ್ಟಿಗೆ ಅರೆದಿದ್ದಾರೆಂದು ತಿಳಿಯಿತು. ಅಂದಿನಿಂದ ನಾನೇ ಕತ್ತರಿಸುತ್ತೇನೆ. ಹೊರಗೆ ಹಿಮವಿದ್ದರೂ ಹೊಟ್ಟೆ ಸೀಳಿದಾಗ ಹಬೆಯೇಳುತ್ತದೆ, ಮರಗಟ್ಟಿದ ಬೆರಳುಗಳಿಗೆ ಆ ಬಿಸಿಯಲ್ಲೇ ಜೀವ ಬರುತ್ತದೆ. ಮೂತ್ರಕೋಶ ಒಡೆಯದಂತೆ ಎರಡು ಬೆರಳಲ್ಲಿ ಹಿಡಿದು ತೆಗೆಯುವಾಗ ಮಾತ್ರ ಉಸಿರು ಬಿಗಿಹಿಡಿಯಬೇಕು. ಹಾಗೆ ನಾನೇ ಕತ್ತರಿಸಿದ ಮೊದಲ ಸಂಜೆ ಗುಂಪಿನ ನಾಲ್ವರೂ ಸೇರಿ ಪಾಲು ಹಾಕಿದೆವು, ರಾತ್ರಿ ಕಾಚಂಪುಳಿ ಹಾಕಿ ಸಾರು ಮಾಡಿದೆ. ಅಷ್ಟು ನೆಮ್ಮದಿಯ ಊಟವನ್ನು ಈ ದೇಶದಲ್ಲಿ ನಾನು ಮತ್ತೆ ಉಂಡಿಲ್ಲ.

ಗ್ರೀನ್ ಬೇ ಹಿರಿಯ: ರೋಗ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಸಾರು ಮಾಡಿದಿರಾ? ಜಿಂಕೆಗಳ ಮೆದುಳನ್ನು ತಿನ್ನುವ ಸಿಡಬ್ಲ್ಯುಡಿ ಎಂಬ ಪ್ರಯಾನ್ (ರೂಪ ಕೆಟ್ಟ ಪ್ರೋಟೀನ್) ರೋಗ ಈ ರಾಜ್ಯದಲ್ಲಿ 2002ರಲ್ಲಿ ಮೌಂಟ್ ಹೊರೆಬ್ ಸುತ್ತಮುತ್ತ ಪತ್ತೆಯಾಯಿತು, ಈಗ ಉತ್ತರದ ಒನೈಡಾ ಕೌಂಟಿಯಲ್ಲೂ ಇದೆ. ಬೇಯಿಸಿದರೆ ಪ್ರಯಾನ್ ನಾಶವಾಗುವುದಿಲ್ಲ. ನಾನು ಅಯೋವಾ ಕೌಂಟಿಯಲ್ಲಿ ಹೊಡೆದ ಗಂಡು ಜಿಂಕೆ ನೋಡಲು ಕೊಬ್ಬಿ ಬೆಳೆದಿತ್ತು, ಕುಂಟುತ್ತಿರಲಿಲ್ಲ, ಸೊರಗಿರಲಿಲ್ಲ. ಕತ್ತಿನ ಸ್ವಲ್ಪ ಭಾಗ ಸೇರಿದಂತೆ ತಲೆಯನ್ನು ಪರೀಕ್ಷೆಗೆಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಪೆಟ್ಟಿಗೆಯಲ್ಲಿಟ್ಟು ಬಂದೆ. ಪರೀಕ್ಷೆ ಉಚಿತ. ಆದರೆ ಫಲಿತಾಂಶಕ್ಕೆ ಕಾಯದೆ ಮನೆಗೆ ಬಂದ ಆರು ಜನ ಅತಿಥಿಗಳಿಗೆ ಬಡಿಸಿಬಿಟ್ಟೆ. ಹದಿಮೂರನೆಯ ದಿನ ರೋಗ ಇದೆಯೆಂದು ಬಂತು. ಉಳಿದಿದ್ದ 23 ಕಿಲೋ ಮಾಂಸವನ್ನು ಕಸದವರಿಗೆ ಕೊಟ್ಟೆ. ಅತಿಥಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಬೇಕಾಯಿತು, ಇಬ್ಬರು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ.

ಕೊಡಗಿನ ಮಗಳು, ಮಿಲ್ವಾಕೀ: ಈ ರೋಗ ಮನುಷ್ಯನಿಗೆ ತಗಲಿದ ಒಂದು ಪ್ರಕರಣವೂ ದೃಢಪಟ್ಟಿಲ್ಲ. ಹೊಸಬರನ್ನು ಹೀಗೆ ಹೆದರಿಸಬೇಡಿ.

ಗ್ರೀನ್ ಬೇ ಹಿರಿಯ: ದೃಢಪಟ್ಟಿಲ್ಲ ಎಂಬುದಕ್ಕೂ ಅಪಾಯವಿಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ರೋಗವಿರುವ ಜಿಂಕೆಯನ್ನು ತಿನ್ನಬೇಡಿರೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಸಲಹೆ ನೀಡುತ್ತದೆ. ಆ ಆರು ಫೋನು ಕರೆಗಳನ್ನು ಮಾಡಿದವನು ನಾನು, ನೀವಲ್ಲ.

ತೀರ್ಥಹಳ್ಳಿ ಮೂಲದವನು: ಎರಡನೆಯ ವರ್ಷದ ಕತೆಯನ್ನೂ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಅಜ್ಜಂದಿರು ಹಳು ಸೋವಿ (ಪೊದೆ ಬಡಿದು ಪ್ರಾಣಿಗಳನ್ನು ಎಬ್ಬಿಸಿ), ಆಯಕಟ್ಟಿನ ಜಾಗಗಳಲ್ಲಿ ಕೋವಿ ಹಿಡಿದು ಕಾಯುತ್ತಿದ್ದ ಹಾಗೆಯೇ ಇಲ್ಲಿಯೂ ಗೆಳೆಯರು ಪೊದೆ ಸೋವಿದರು. ನಾಲ್ಕೂವರೆಗೆ, ಸೂರ್ಯಾಸ್ತದ ನಂತರದ ಇಪ್ಪತ್ತು ನಿಮಿಷದ ಗಡುವು ಮುಗಿಯುವ ಮುನ್ನ, ಓಡುತ್ತಿದ್ದ ಜಿಂಕೆಗೆ ಹೊಡೆದೆ. ಹಿಮದ ಮೇಲೆ ಹೊಟ್ಟೆಯ ಬಿಳಿ ಕೂದಲು ಮತ್ತು ಹಸಿರು ಬೆರೆತ ರಕ್ತ ಬಿದ್ದಿತ್ತು. ತಡೆಯಲಾರದೆ ಅರ್ಧ ಗಂಟೆಯಲ್ಲೇ ಬೆನ್ನಟ್ಟಿದೆ. ಮಾರನೆಯ ದಿನ ಮಧ್ಯಾಹ್ನದವರೆಗೆ ನಾಲ್ವರು ಹುಡುಕಿದರೂ ಜಿಂಕೆ ಸಿಗಲಿಲ್ಲ.

ಕೊಡಗಿನ ಮಗಳು, ಮಿಲ್ವಾಕೀ: ಹಸಿರು ಕಂಡಿತೆಂದರೆ ಗುಂಡು ಕರುಳಿಗೆ ಬಿದ್ದಿದೆ ಎಂದರ್ಥ, ಕನಿಷ್ಠ ಆರು ಗಂಟೆ ಬಿಟ್ಟು ಹೋಗಬೇಕು. ಮಂದ ಬೆಳಕಿನಲ್ಲಿ ಓಡುವ ಪ್ರಾಣಿಗೆ ನೀವು ಹೊಡೆಯಲೇಬಾರದಿತ್ತು. ಅಜ್ಜಂದಿರ ಹೆಸರನ್ನು ಇದಕ್ಕೆ ಎಳೆಯಬೇಡಿ. ಮಲೆನಾಡಿನಲ್ಲಿ 1972ರ ವನ್ಯಜೀವಿ ಕಾಯಿದೆಯ ನಂತರವೂ ಹಾಗೆ ಸೋವಿದವರಿಂದಲೇ ಎಷ್ಟೋ ಕಡೆ ಕಾಡು ಬರಿದಾಗಿದೆ.

ತೀರ್ಥಹಳ್ಳಿ ಮೂಲದವನು: ನನ್ನ ಅಜ್ಜ 1968ರಲ್ಲಿ ತೀರಿಕೊಂಡರು. ಅವರನ್ನು ಕಾನೂನು ಮುರಿದವರೆನ್ನುವ ಮುನ್ನ ಕೇಳಿ ತಿಳಿಯಬಹುದಿತ್ತು. ತಪ್ಪು ನನ್ನದು, ಹೇಳಿಕೊಂಡಿದ್ದೇನೆ. ಆ ಜಿಂಕೆಯ ನೆನಪಿನಲ್ಲೇ ಮುಂದಿನ ಎರಡು ವರ್ಷ ಕೋವಿ ಮುಟ್ಟಲಿಲ್ಲ.

ಮ್ಯಾಡಿಸನ್ ವಾಸಿ: ಎಲ್ಲರಿಗೂ ವಂದನೆ. ಒಬ್ಬರ ಟ್ಯಾಗಿಗೆ (ಒಂದು ಜಿಂಕೆ ಹೊಡೆಯಲು ಕೊಡುವ ಅನುಮತಿಗೆ) ಗುಂಪಿನ ಇನ್ನೊಬ್ಬರು ಹೊಡೆಯಬಹುದೆಂದು ಗೆಳೆಯರು ಹೇಳುತ್ತಾರೆ, ನಿಜವೇ?

ಗ್ರೀನ್ ಬೇ ಹಿರಿಯ: ಕೋವಿ ಋತುವಿನಲ್ಲಿ ನಿಜ; ಆದರೆ ಟ್ಯಾಗಿನವನು ಕಣ್ಣಿಗೆ ಕಾಣುವಷ್ಟು ಅಥವಾ ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಬೇಕು, ಫೋನು, ವಾಕಿಟಾಕಿಯ ಮಾತು ಲೆಕ್ಕಕ್ಕಿಲ್ಲ. ಜಿಂಕೆ ಸಿಕ್ಕರೆ ಮರುದಿನ ಸಂಜೆ ಐದರೊಳಗೆ ನೋಂದಾಯಿಸಿ. ನಾನು ಈಗ ಪ್ರತಿ ಪೊಟ್ಟಣದ ಮೇಲೂ ಪರೀಕ್ಷೆಯ ಸಂಖ್ಯೆ ಬರೆದು, ಫಲಿತಾಂಶ ಬರುವ ತನಕ ಫ್ರೀಜರ್‌ನ ಕೆಳಗಿನ ಖಾನೆಯಲ್ಲಿ ಬೇರೆಯಾಗಿಡುತ್ತೇನೆ. ಅದರ ಬೀಗದ ಕೈ ನನ್ನ ಹೆಂಡತಿಯ ಹತ್ತಿರ ಇರುತ್ತದೆ.