ಭಾವ, ಸಿಹಿ ಬೇರೆ, ಮೈಲ್ಡ್ ಬೇರೆ

ಭಾವ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ, "ಸಿಗಾರ್ ಇದೇ ಮೊದಲು, ಗಂಟಲಿಗೆ ಹೊಡೀಬಾರದು, ಸ್ವಲ್ಪ ಸಿಹಿ ಇರಬೇಕು, ಯಾವುದು ತಗೊಳ್ಳಲಿ" ಅಂತ. ಎರಡು ಸಾಲಲ್ಲಿ ಮುಗಿಯೋ ಮಾತಲ್ಲ, ಕೂತ್ಕೊಂಡು ನಿಧಾನಕ್ಕೆ ಕೇಳಿ.

ಮೊದಲು ಈ ಗಂಟು ಬಿಡಿಸ್ಕೊಳ್ಳಿ. ಸಿಹಿ ಬೇರೆ, ಮೈಲ್ಡ್ ಬೇರೆ. ತುದಿಗೆ ಸಕ್ಕರೆ ಸವರಿದ ಸಿಗಾರ್ ತುಟಿಗೆ ಸಿಹಿ ಇರುತ್ತೆ, ಆದ್ರೆ ಒಳಗಿನ ಎಲೆ ಖಡಕ್ ಆಗಿದ್ರೆ ಅರ್ಧಕ್ಕೆ ಬರೋಷ್ಟರಲ್ಲಿ ತಲೆ ತಿರುಗುತ್ತೆ. ಮೈಲ್ಡ್ ಅಂದ್ರೆ ಹೊಡೆತ ಕಡಿಮೆ, ಅಷ್ಟೇ. ಹಾನಿ ಕಡಿಮೆ ಅಂತಲ್ಲ. ಹೊಗೆ ಒಳಗೆ ಎಳ್ಕೊಳ್ಳದೇ ಇದ್ರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ಇದನ್ನ ಹೇಳ್ಲೇಬೇಕು, ಅಕ್ಕನೂ ಇದೇ ಗ್ರೂಪಲ್ಲಿದ್ದಾಳೆ.

ಸಿಗಾರ್‌ಗೆ ಮೂರು ಪದರ: ಹೊರಗೆ ರ‍್ಯಾಪರ್, ಅದರಡಿ ಬೈಂಡರ್, ಹೊಟ್ಟೆಯೊಳಗೆ ಫಿಲ್ಲರ್. ಜೋರು ಹೆಚ್ಚಾಗಿ ಫಿಲ್ಲರ್‌ನಿಂದ ಬರೋದು. ಗಿಡದ ಮೇಲ್ತುದಿಯ ಎಲೆ ಬಿಸಿಲು ಕುಡಿದು ದಪ್ಪ ಆಗಿರುತ್ತೆ, ನಿಕೋಟಿನ್ನೂ ಜಾಸ್ತಿ. ಅದಕ್ಕೆ ಲಿಹೆರೋ (Ligero) ಅಂತಾರೆ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ "ಹಗುರ" ಅಂತ ಅರ್ಥ, ತಮಾಷೆ ನೋಡಿ. ಪೆಟ್ಟಿಗೆ ಮೇಲೆ ಆ ಹೆಸರು ಕಂಡ್ರೆ ವಾಪಸ್ ಇಟ್ಟುಬಿಡಿ. ನಿಮಗೆ ಬೇಕಾಗಿರೋದು ಮಧ್ಯದ ಸೆಕೋ, ಕೆಳಗಿನ ವೊಲಾಡೋ ಎಲೆ ಹೆಚ್ಚಿರೋ ಮಿಶ್ರಣ. ಹೊರಗೆ ಕನೆಕ್ಟಿಕಟ್ ಶೇಡ್ ರ‍್ಯಾಪರ್ ಇರಲಿ. ಅದು ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆಸಿದ ತೆಳು ಎಲೆ, ಹೊಂಬಣ್ಣ, ಕೆನೆಯಂಥ ಮೆತ್ತಗಿನ ರುಚಿ. ಮಕನುಡೋ ಕೆಫೆ, ಆಶ್ಟನ್ ಕ್ಲಾಸಿಕ್ ಅನ್ನೋ ಸಿಗಾರ್‌ಗಳು ಎರಡೂ ಈ ಜಾತಿಯವು.

ಸಿಹಿಗೆ ಮೂರು ದಾರಿ. ಒಂದು, ಬಾಯಿಗಿಡೋ ತುದಿಗೆ ಸಿಹಿ ಹಚ್ಚಿರೋದು, ಹೊಂಡುರಾಸ್‌ನ ಬಕರಾಟ್ ಥರ. ಎರಡನೇದು, ಎಲೆಗೇ ಗಿಡಮೂಲಿಕೆ, ಎಣ್ಣೆಗಳ ಪರಿಮಳ ಹಿಡಿಸಿರೋದು, ಡ್ರೂ ಎಸ್ಟೇಟ್‌ನವರ ಆಸಿಡ್ ಥರ. ಇದರ ವಾಸನೆ ಊದುಬತ್ತಿ ಹಚ್ಚಿದ ಹಾಗಿರುತ್ತೆ, ಕೆಲವರಿಗೆ ಇಷ್ಟ, ಕೆಲವರಿಗೆ ತಲೆನೋವು. ಮೂರನೇದು ಎಲೆಯದೇ ಸಿಹಿ. ಮಡೂರೋ ಅಂತ ಕಪ್ಪು ರ‍್ಯಾಪರ್ ಬರುತ್ತೆ, ಹೆಚ್ಚು ದಿನ ಹುದುಗಿಸಿ ಕಪ್ಪಾಗಿರೋದು, ಕೋಕೋ, ಸುಟ್ಟ ಸಕ್ಕರೆ ಛಾಯೆ. ಕಪ್ಪಗಿದೆ ಅಂತ ಹೆದರಬೇಡಿ, ಒಳಗಿನ ಫಿಲ್ಲರ್ ಮೆತ್ತಗಿದ್ರೆ ಇದೂ ಮೈಲ್ಡೇ. ನನ್ನ ಕೇಳಿದ್ರೆ ಒಂದು ಬಕರಾಟ್, ಒಂದು ಮಕನುಡೋ ಬಿಡಿಯಾಗಿ ತಗೊಳ್ಳಿ. ಇಡೀ ಪೆಟ್ಟಿಗೆ ಈಗಲೇ ಬೇಡ.

ಅಳತೆ: ದಪ್ಪವನ್ನ ರಿಂಗ್ ಗೇಜ್ ಅಂತ ಹೇಳ್ತಾರೆ, ಇಂಚಿನ 64ನೇ ಒಂದು ಭಾಗದ ಲೆಕ್ಕ. 42 ಅಂದ್ರೆ ಸುಮಾರು 17 ಮಿಲಿಮೀಟರ್, 50 ಅಂದ್ರೆ ಸುಮಾರು 20. 5 ಇಂಚು ಉದ್ದ, 42 ದಪ್ಪದ ಪೆಟಿಟ್ ಕರೋನಾ ನಿಮಗೆ ಸರಿ, ಅರ್ಧ ಗಂಟೆ ಚಿಲ್ಲರೆ ಬರುತ್ತೆ. ಕಡ್ಡಿಯಷ್ಟು ತೆಳ್ಳಗಿರೋದು ಬೇಡ, ಬೇಗ ಕಾಯುತ್ತೆ. ಕೊಳ್ಳುವಾಗ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಚರಚರ ಅಂದ್ರೆ ಒಣಗಿದೆ, ಒತ್ತಿದ ಗುಂಡಿ ಹಾಗೇ ಉಳಿದ್ರೆ ತೇವ ಜಾಸ್ತಿ. ಒತ್ತಿ ಬಿಟ್ಟಾಗ ವಾಪಸ್ ಬರಬೇಕು.

ಕತ್ತರಿಸೋದು ಇದೆಯಲ್ಲ, ಎಡವೋದು ಇಲ್ಲೇ. ತುದಿಯಲ್ಲಿ ಟೋಪಿ ಹಾಕಿದ ಹಾಗೆ ಸಣ್ಣ ತುಂಡು ಎಲೆ ಅಂಟಿಸಿರ್ತಾರೆ, ಅದರ ಅಂಚು ಗೆರೆ ಥರ ಕಾಣುತ್ತೆ. ಆ ಗೆರೆಗಿಂತ ಮೇಲೆ, 2 ಮಿಲಿಮೀಟರ್ ಒಳಗೆ, ಒಂದೇ ಏಟಿಗೆ ಕತ್ತರಿಸಿ. ಗೆರೆ ದಾಟಿದ್ರೋ, ರ‍್ಯಾಪರ್ ಸುರುಳಿ ಬಿಚ್ಕೊಂಡು ಕೈಗೆ ಬರುತ್ತೆ. ಆಮೇಲೆ ಬೆಂಕಿ ಇಲ್ಲದೇ ಒಂದ್ಸಲ ಎಳೆದು ನೋಡಿ, ಗಾಳಿ ಸಲೀಸಾಗಿ ಬರಬೇಕು.

ಹಚ್ಚೋಕೆ ಬ್ಯುಟೇನ್ ಲೈಟರ್ ಅಥವಾ ಉದ್ದ ಬೆಂಕಿಕಡ್ಡಿ. ಪೆಟ್ರೋಲ್ ಲೈಟರ್, ಮೇಣದಬತ್ತಿ ಬೇಡ, ಅದರ ವಾಸನೆ ಎಲೆಗೆ ಕೂರುತ್ತೆ. ಸಿಗಾರನ್ನ ಓರೆಯಾಗಿ ಹಿಡಿದು, ಜ್ವಾಲೆ ತಾಗಿಸದೇ ತುಸು ಮೇಲಿಟ್ಟು, ತಿರುಗಿಸ್ತಾ ಅಂಚೆಲ್ಲ ಬೂದುಬಣ್ಣಕ್ಕೆ ಬರೋವರೆಗೆ ಕಾಯಿಸಿ. ಆಮೇಲೆ ಬಾಯಿಗಿಟ್ಟು ಎಳೀತಾ ಹಚ್ಚಿ. ಒಂದು ಕಡೆ ಮಾತ್ರ ಹತ್ಕೊಂಡ್ರೆ ಮುಂದೆ ಪೂರ್ತಿ ದೋಣಿ ಥರ ಓರೆ ಉರಿಯುತ್ತೆ.

ಇನ್ನು ದಮ್. ನಿಮಿಷಕ್ಕೆ ಒಂದೇ. ಹೊಗೆ ಬಾಯಲ್ಲಿ ಆಡಿಸಿ ಬಿಡಿ, ಎದೆಗೆ ಎಳೀಬೇಡಿ. ಸಿಗಾರ್ ಹೊಗೆ ಕ್ಷಾರೀಯ, ಹಾಗಾಗಿ ನಿಕೋಟಿನ್ ಬಾಯಿಂದಲೇ ರಕ್ತಕ್ಕೆ ಇಳಿಯುತ್ತೆ. "ಕಹಿ ಬಂತು, ಮಾಲು ಸರಿ ಇಲ್ಲ" ಅಂತ ಬೈಯೋರಲ್ಲಿ ಮುಕ್ಕಾಲು ಪಾಲು ಅವಸರದಿಂದ ಎಳೆದು ಕಾಯಿಸಿಕೊಂಡವರೇ. ಕಹಿ ಬಂದ್ರೆ ಎರಡು ನಿಮಿಷ ಕೆಳಗಿಡಿ. ಆರಿದ್ರೆ ಬೂದಿ ಉದುರಿಸಿ, ಒಳಗಿನ ಹಳೇ ಹೊಗೆ ಊದಿ ಹೊರಗೆ ಹಾಕಿ ಮತ್ತೆ ಹಚ್ಚಿ. ಖಾಲಿ ಹೊಟ್ಟೇಲಿ ಮಾತ್ರ ಬೇಡ. ಬೆವರು, ವಾಕರಿಕೆ ಶುರುವಾದ್ರೆ ಅಲ್ಲಿಗೇ ನಿಲ್ಲಿಸಿ, ನೀರು ಕುಡಿದು ಏನಾದ್ರೂ ಸಿಹಿ ಬಾಯಿಗೆ ಹಾಕ್ಕೊಳ್ಳಿ. ಕೊನೇ ಮೂರನೇ ಒಂದು ಭಾಗದಲ್ಲಿ ಬಿಸಿ, ಖಾರ ಎರಡೂ ಏರುತ್ತೆ, ದುಡ್ಡು ಕೊಟ್ಟಿದ್ದೀನಿ ಅಂತ ಅದನ್ನ ಮುಗಿಸ್ಲೇಬೇಕು ಅಂತೇನಿಲ್ಲ. ಹೊಸಕಬೇಡಿ, ಹಾಗೇ ಇಟ್ರೆ ತಾನೇ ಆರುತ್ತೆ, ನಾತನೂ ಕಡಿಮೆ.

ಉಳಿದದ್ದನ್ನ ಗಾಳಿಯಾಡದ ಡಬ್ಬದಲ್ಲಿ 65 ಅಥವಾ 69 ಪರ್ಸೆಂಟಿನ ತೇವಾಂಶದ ಪ್ಯಾಕೆಟ್ ಜೊತೆ ಇಡಿ. ಫ್ರಿಜ್‌ನಲ್ಲಿ ಬೇಡ, ಅದು ಒಣಗಿಸುತ್ತೆ. ಪರಿಮಳದ್ದನ್ನ ಬೇರೆ ಡಬ್ಬದಲ್ಲಿಡಿ, ಇಲ್ಲಾಂದ್ರೆ ವಾರದಲ್ಲಿ ಮಕನುಡೋನೂ ಊದುಬತ್ತಿ ಆಗಿರುತ್ತೆ. ಹಾಂ, ಕಟರ್ ಯಾವ ಥರದ್ದಿದೆ ನಿಮ್ಮ ಹತ್ರ? ಒಂದು ಫೋಟೋ ಹಾಕಿ.