ಎಲಿಮೆಂಟ್‌ಗಳನ್ನು ನಡುವೆ ತೆಗೆದು ಮತ್ತೆ ಸೇರಿಸುವ ವಿಶ್ಲೇಷಣೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಹಲವು ಪದರಗಳ ವೆಲ್ಡಿಂಗ್‌ಗೆ ಫೈನೈಟ್ ಎಲಿಮೆಂಟ್ ಮಾದರಿಯೊಂದನ್ನು (ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ವಿಭಜಿಸಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ) ಸಿದ್ಧಪಡಿಸುತ್ತಿದ್ದೇನೆ. ಎಲ್ಲ ಪದರಗಳನ್ನೂ ಮೊದಲಿಗೆ ನಿಷ್ಕ್ರಿಯಗೊಳಿಸಿ, ಒಂದೊಂದಾಗಿ ಸಕ್ರಿಯಗೊಳಿಸುತ್ತಾ ಹೋಗುವುದು ನನ್ನ ಕ್ರಮ. ಎರಡನೆಯ ಪದರ ಸೇರಿದ ಕೂಡಲೇ ಅದರಲ್ಲಿ ನಂಬಲಾಗದಷ್ಟು ಸ್ಟ್ರೆಸ್ (ಒಳಗಿನ ಒತ್ತಡ) ಕಾಣಿಸುತ್ತದೆ. ಕೆಲವೊಮ್ಮೆ ಸಾಲ್ವರ್ (ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಂ) ಅಲ್ಲಿಯೇ ನಿಂತುಬಿಡುತ್ತದೆ. ಈ ಕೆಲಸ ಮಾಡಿರುವವರು ದಯವಿಟ್ಟು ಮಾರ್ಗದರ್ಶನ ನೀಡಿ.

ಉತ್ತರ 1: ನಿಷ್ಕ್ರಿಯಗೊಂಡ ಎಲಿಮೆಂಟ್ ಮಾದರಿಯಿಂದ ಹೊರಗೆ ಹೋಗಿರುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಆನ್ಸಿಸ್ ಎಂಬ ವಿಶ್ಲೇಷಣಾ ತಂತ್ರಾಂಶದಲ್ಲಿ ಎಲಿಮೆಂಟ್ ನಿಷ್ಕ್ರಿಯಗೊಳಿಸುವ ಈಕಿಲ್ (EKILL) ಆದೇಶ ಕೊಟ್ಟಾಗ ಅದರ ಸ್ಟಿಫ್‌ನೆಸ್ (ಬಿಗಿತ) ಅನ್ನು ಸಣ್ಣ ಗುಣಕವೊಂದರಿಂದ ಗುಣಿಸಲಾಗುತ್ತದೆ. ನಾವಾಗಿ ಬದಲಿಸದಿದ್ದರೆ ಆ ಗುಣಕ ಹತ್ತು ಲಕ್ಷದಲ್ಲಿ ಒಂದು. ಅಂದರೆ 200 ಗಿಗಾಪಾಸ್ಕಲ್‌ನ ಉಕ್ಕು 0.2 ಮೆಗಾಪಾಸ್ಕಲ್‌ನ ವಸ್ತುವಿನಂತೆ ಮೆತ್ತಗಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಅದರ ನೋಡ್‌ಗಳೂ (ಎಲಿಮೆಂಟ್‌ಗಳು ಒಂದಕ್ಕೊಂದು ಸೇರುವ ಬಿಂದುಗಳು) ಸಮೀಕರಣಗಳಲ್ಲಿ ಉಳಿದಿರುತ್ತವೆ.

ಮತ್ತೆ ಸಕ್ರಿಯಗೊಂಡಾಗ ಹಳೆಯ ಸ್ಟ್ರೈನ್‌ನ (ಮೂಲ ಅಳತೆಗೆ ಹೋಲಿಸಿದ ಹಿಗ್ಗು-ಕುಗ್ಗಿನ ಪ್ರಮಾಣ) ಲೆಕ್ಕ ಅಳಿಸಿಹೋಗಿರುತ್ತದೆ, ನಮಗೆ ಬೇಕಾದದ್ದೂ ಅದೇ. ಉಷ್ಣದಿಂದ ಬರುವ ಸ್ಟ್ರೈನ್‌ನ ವಿಷಯ ಮಾತ್ರ ಬೇರೆ, ಏಕೆಂದರೆ ಅದು ಆ ಕ್ಷಣದ ತಾಪಮಾನಕ್ಕೂ ಆಧಾರ ತಾಪಮಾನಕ್ಕೂ (ಉಷ್ಣದ ಹಿಗ್ಗುವಿಕೆ ಸೊನ್ನೆ ಎಂದು ಹಿಡಿಯುವ ತಾಪಮಾನ) ಇರುವ ವ್ಯತ್ಯಾಸದಿಂದ ಹುಟ್ಟುತ್ತದೆ. ಆಧಾರ ತಾಪಮಾನವನ್ನು 20 ಡಿಗ್ರಿ ಸೆಲ್ಸಿಯಸ್ ಎಂದು ಬಿಟ್ಟು, ಪದರವನ್ನು 1500 ಡಿಗ್ರಿಯಲ್ಲಿ ಸಕ್ರಿಯಗೊಳಿಸಿದರೆ, ವ್ಯಾಕೋಚನ ಗುಣಾಂಕವನ್ನು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಎಂದಷ್ಟೇ ಹಿಡಿದರೂ ಶೇಕಡ 1.8ರ ಆಸುಪಾಸಿನ ಸ್ಟ್ರೈನ್ ಹುಟ್ಟುತ್ತಲೇ ಅದರೊಳಗೆ ಸೇರಿಕೊಳ್ಳುತ್ತದೆ. 250 ಮೆಗಾಪಾಸ್ಕಲ್‌ನಲ್ಲಿ ಮಣಿಯುವ ಉಕ್ಕಿಗೆ ಸ್ಥಿತಿಸ್ಥಾಪಕ ಮಿತಿ ಶೇಕಡ 0.125 ಮಾತ್ರ ಎಂಬುದನ್ನು ನೆನೆದರೆ ನಿಮ್ಮ ಸ್ಟ್ರೆಸ್ ಎಲ್ಲಿಂದ ಬಂದಿತೆಂದು ತಿಳಿಯುತ್ತದೆ. ವೆಲ್ಡ್ ಲೋಹಕ್ಕೆ ಪ್ರತ್ಯೇಕ ಮೆಟೀರಿಯಲ್ ಕೊಟ್ಟು, ಅದರ ಆಧಾರ ತಾಪಮಾನವನ್ನು ಸಕ್ರಿಯಗೊಳ್ಳುವ ತಾಪಮಾನಕ್ಕೆ ಸಮನಾಗಿ ನಿಗದಿಪಡಿಸಿ. ನಾನು ಇದನ್ನು ಅರಿಯುವ ಮೊದಲು ಮೆಶ್ (ಎಲಿಮೆಂಟ್‌ಗಳ ಜಾಲ) ಸೂಕ್ಷ್ಮಗೊಳಿಸುವುದರಲ್ಲೇ ವಾರಗಳನ್ನು ಕಳೆದಿದ್ದೆ.

ದೊಡ್ಡ ವಿರೂಪದ ಆಯ್ಕೆಯನ್ನೂ ಚಾಲೂ ಮಾಡಿ. ಅದಿಲ್ಲದಿದ್ದರೆ ಎಲಿಮೆಂಟ್ ತನ್ನ ಮೂಲ ಆಕಾರದಲ್ಲೇ ಮರಳುತ್ತದೆ. ಸಮೀಕರಣಗಳನ್ನು ಹಂತಹಂತವಾಗಿ ಬಿಡಿಸುವ ನ್ಯೂಟನ್-ರಾಫ್ಸನ್ ವಿಧಾನವನ್ನು ಪೂರ್ಣ ರೂಪದಲ್ಲಿ ಬಳಸಿ, ಸಕ್ರಿಯಗೊಳಿಸುವ ಸ್ಟೆಪ್‌ನ (ವಿಶ್ಲೇಷಣೆಯ ಹಂತದ) ಮೊದಲ ಇನ್‌ಕ್ರಿಮೆಂಟ್ (ಅದರೊಳಗಿನ ಸಣ್ಣ ಭಾಗ) ಅನ್ನು ಬಹಳ ಚಿಕ್ಕದಾಗಿರಿಸಿ.

ಉಷ್ಣ ವಿಶ್ಲೇಷಣೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸಕ್ರಿಯ ಮತ್ತು ನಿಷ್ಕ್ರಿಯ ಭಾಗಗಳ ನಡುವಿನ ಗಡಿಯೇ ಆ ಹೊತ್ತಿಗೆ ಗಾಳಿಗೆ ತೆರೆದ ಮೇಲ್ಮೈ ಆಗಿರುತ್ತದೆ. ಪದರ ಬೆಳೆದಂತೆ ಕನ್ವೆಕ್ಷನ್ (ಗಾಳಿಗೆ ಶಾಖ ಹೋಗುವುದು) ಮತ್ತು ರೇಡಿಯೇಷನ್‌ನ (ಶಾಖ ವಿಕಿರಣ) ಷರತ್ತುಗಳನ್ನೂ ಆ ಗಡಿಯ ಜೊತೆಗೇ ಸರಿಸಬೇಕು.

ಉತ್ತರ 2: ನನ್ನ ಅನುಭವ ಸುರಂಗ ಅಗೆತದ ಮಾದರಿಗಳದು, ಅಬಾಕಸ್ ಎಂಬ ಇನ್ನೊಂದು ತಂತ್ರಾಂಶದ ಮಾಡೆಲ್ ಚೇಂಜ್ (ಎಲಿಮೆಂಟ್ ತೆಗೆದು ಸೇರಿಸುವ) ಸೌಲಭ್ಯ ಬಳಸಿದ್ದು. ಅಲ್ಲಿ ತೆಗೆದ ಎಲಿಮೆಂಟ್‌ಗಳು ಉಳಿದ ಭಾಗದ ಮೇಲೆ ಹೇರುತ್ತಿದ್ದ ಬಲಗಳು ಆ ಸ್ಟೆಪ್‌ನ ಅವಧಿಯಲ್ಲಿ ನಿಧಾನವಾಗಿ ಸೊನ್ನೆಗೆ ಇಳಿಯುತ್ತವೆ. ಆದ್ದರಿಂದ ಎರಡು ಆಯಾಮದ ಮಾದರಿಯಲ್ಲಿ ಮಣ್ಣನ್ನು ತೆಗೆಯುವ ಸ್ಟೆಪ್‌ನಲ್ಲೇ ಲೈನಿಂಗ್ (ಸುರಂಗದ ಒಳಗೋಡೆ) ಅನ್ನು ಸಕ್ರಿಯಗೊಳಿಸಿದರೆ ಅದರ ಮೇಲೆ ವಾಸ್ತವಕ್ಕಿಂತ ಹೆಚ್ಚಿನ ಹೊರೆ ಬೀಳುತ್ತದೆ. ಮಣ್ಣನ್ನು ಪೂರ್ತಿ ತೆಗೆದು ಸಮತೋಲನ ಬಂದ ಮೇಲೆ ಸೇರಿಸಿದರೆ, ಸಮಯದೊಡನೆ ಸರಿಯುವ ಗುಣ ಮಣ್ಣಿಗಿಲ್ಲದಿದ್ದಲ್ಲಿ, ಅದು ಏನನ್ನೂ ಹೊರುವುದಿಲ್ಲ. ಸತ್ಯ ಇವೆರಡರ ನಡುವೆ ಇದೆ. ಅಗೆದ ಗಡಿಯ ನೋಡ್‌ಗಳಲ್ಲಿ ಸಮತೋಲನದ ಬಲಗಳನ್ನು ಹಾಕಿ, ಅವನ್ನು ಒಂದು ಪ್ರಮಾಣಕ್ಕೆ ಇಳಿಸಿ, ಲೈನಿಂಗ್ ಸೇರಿಸಿ, ಉಳಿದದ್ದನ್ನು ನಂತರ ಇಳಿಸುವುದೇ ಸರಿಯಾದ ದಾರಿ. ಯಾವ ಕ್ರಮದಲ್ಲಿ ತೆಗೆದು ಸೇರಿಸುತ್ತೇವೆ ಎಂಬುದು ನಿಮ್ಮ ವೆಲ್ಡಿಂಗ್‌ನಲ್ಲೂ ಇಷ್ಟೇ ಮಹತ್ವದ್ದು.

ಉತ್ತರ 3: ಎಲಿಮೆಂಟ್ ಮೇಲಿನ ಹೊರೆ ಅದರೊಂದಿಗೆ ಸೊನ್ನೆಯಾದರೂ, ನೋಡ್‌ಗೆ ನೇರವಾಗಿ ಕೊಟ್ಟ ಬಲ ಉಳಿದಿರುತ್ತದೆ. ಅದನ್ನು ನೀವೇ ತೆಗೆಯಬೇಕು. ಫಲಿತಾಂಶ ನೋಡುವಾಗಲೂ ಸಕ್ರಿಯ ಎಲಿಮೆಂಟ್‌ಗಳನ್ನು ಮಾತ್ರ ಆಯ್ದುಕೊಳ್ಳಿ, ಇಲ್ಲದಿದ್ದರೆ ಗಡಿಯ ಸರಾಸರಿ ಸ್ಟ್ರೆಸ್ ಕಲುಷಿತವಾಗುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಆಧಾರ ತಾಪಮಾನ ಬದಲಿಸಿದ ಮೇಲೆ ಆ ಅಸಹಜ ಸ್ಟ್ರೆಸ್ ಮಾಯವಾಯಿತು. ಆದರೆ ನಾಲ್ಕನೆಯ ಪದರದ ಹೊತ್ತಿಗೆ ಕೆಳಗಿನ ಪ್ಲೇಟ್ ಬಾಗಿ, ಇನ್ನೂ ನಿಷ್ಕ್ರಿಯವಾಗಿರುವ ಎಲಿಮೆಂಟ್‌ಗಳು ವಿಪರೀತ ತಿರುಚಿಕೊಳ್ಳುತ್ತಿವೆ.

ಉತ್ತರ 1 ಬರೆದವರು: ಕೆಳಗಿನ ನೋಡ್‌ಗಳು ಪ್ಲೇಟ್‌ನೊಂದಿಗೆ ಸರಿದಿವೆ, ಮೇಲಿನವು ಹಿಂದೆ ಉಳಿದಿವೆ. ಅದೇ ನೋಡ್‌ಗಳನ್ನು ಹಂಚಿಕೊಳ್ಳುವ, ಅತ್ಯಲ್ಪ ಸ್ಟಿಫ್‌ನೆಸ್ ಇರುವ, ಉಷ್ಣಕ್ಕೆ ಹಿಗ್ಗದ ಎಲಿಮೆಂಟ್‌ಗಳ ಇನ್ನೊಂದು ಪದರವನ್ನು ಆರಂಭದಿಂದಲೇ ಸಕ್ರಿಯವಾಗಿಡಿ; ಅವು ಮೇಲಿನ ನೋಡ್‌ಗಳನ್ನೂ ಜೊತೆಗೆ ಎಳೆದೊಯ್ಯುತ್ತವೆ. ಅವುಗಳ ಮಾಡ್ಯುಲಸ್ (ವಸ್ತುವಿನ ಬಿಗಿತದ ಅಳತೆ) ಅನ್ನು ಒಮ್ಮೆ ಹತ್ತು ಪಟ್ಟು ಹೆಚ್ಚಿಸಿ, ಒಮ್ಮೆ ಹತ್ತು ಪಟ್ಟು ತಗ್ಗಿಸಿ ನೋಡಿ. ಪ್ಲೇಟ್‌ನ ಬಾಗುವಿಕೆ ಬದಲಾಗದಿದ್ದರೆ ಮೊದಲಿನ ಮೌಲ್ಯವನ್ನೇ ಇರಿಸಿಕೊಳ್ಳಬಹುದು.