ಅತ್ತೆ, ಮಾವ, ಮಕ್ಕಳ ಜೊತೆ ಕ್ರೂಸ್‌ಗೆ ಹೋಗಿ ಬಂದವರು ಇದ್ದೀರಾ?

ಬನಶಂಕರಿ:
ನಮಸ್ಕಾರ. ಏಪ್ರಿಲ್ ರಜೆಯಲ್ಲಿ ಮನೆಯವರೆಲ್ಲ ಸೇರಿ ದೊಡ್ಡ ಕ್ರೂಸ್ ಹಡಗಿನಲ್ಲಿ ನಾಲ್ಕು ದಿನ ಹೋಗಿಬರೋಣ ಅಂತ ಮಾತು ಎದ್ದಿದೆ. ಒಟ್ಟು ಆರು ಜನ. ನಾವಿಬ್ಬರು, ಒಂಬತ್ತು ಮತ್ತು ನಾಲ್ಕು ವರ್ಷದ ಮಕ್ಕಳು, ಅತ್ತೆ, ಮಾವ. ಅತ್ತೆಗೆ ಮಂಡಿ ನೋವು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಪಾಸ್‌ಪೋರ್ಟ್ ಕೂಡ ಇನ್ನೂ ಮಾಡಿಸಿಲ್ಲ. ಮಾವನಿಗೆ ಶುಗರ್. ಸಿಂಗಾಪುರದಿಂದ ಹೊರಡೋದು ಒಳ್ಳೆಯದಾ, ಇಲ್ಲ ಮುಂಬೈಯಿಂದ ಗೋವಾ ಕಡೆ ಹೋದರೆ ಸಾಕಾ? ಜಾಹೀರಾತಿನ ದರ ನಂಬಬಹುದಾ? ನಮ್ಮ ಯಜಮಾನರು ಹಡಗಿನ ವಿಡಿಯೋ ನೋಡಿ ನೋಡಿ ಆಗಲೇ ಕ್ಯಾಪ್ಟನ್ ಆಗಿಬಿಟ್ಟಿದ್ದಾರೆ. ಅವರ ಮಾತು ಬಿಟ್ಟು, ನಿಜವಾಗಿ ಹೋಗಿ ಬಂದವರು ಹೇಳಿ.

ಮಲ್ಲೇಶ್ವರ:
ಮೇಡಂ, ನಾವು ಹೋದ ವರ್ಷ 74 ವರ್ಷದ ಅಮ್ಮನನ್ನು ಕರೆದುಕೊಂಡು ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಹೋಗಿದ್ದೆವು. ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್ ಸಿಂಗಾಪುರ. ಹಡಗು ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ರೂಮು ಯಾವುದು ಅಂತ ನೋಡಿ. ನಾವು ಎಡವಿದ್ದು ಅಲ್ಲೇ.

ನಮ್ಮ ಏಜೆಂಟ್ ಕಡಿಮೆ ದರಕ್ಕೆ 'ಗ್ಯಾರಂಟಿ' ರೂಮು ಹಾಕಿಕೊಟ್ಟಿದ್ದ. ಒಳ್ಳೆ ರೂಮು ಗ್ಯಾರಂಟಿ ಅಂದುಕೊಂಡೆವು. ಹಾಗಲ್ಲ. ಯಾವುದೋ ಒಂದು ರೂಮು ಸಿಗುತ್ತದೆ, ಅಷ್ಟೇ ಗ್ಯಾರಂಟಿ. ಯಾವುದು ಅಂತ ಕಂಪನಿಯವರು ಕೊನೆಗೆ ಹೇಳುತ್ತಾರೆ. ನಮ್ಮದು ಹಡಗಿನ ಮೂತಿಯ ಕಡೆ, ಅಮ್ಮನದು ಐದು ಮಹಡಿ ಮೇಲೆ, ಇನ್ನೊಂದು ತುದಿ, ಸರಿಯಾಗಿ ಈಜುಕೊಳದ ಕೆಳಗೆ! ಬೆಳಗಿನ ಜಾವ ಮೇಲೆ ಕುರ್ಚಿ ಎಳೆಯುವ ಶಬ್ದ. ಮೊದಲ ರಾತ್ರಿ ಅಮ್ಮ ನಿದ್ದೆಯನ್ನೇ ಮಾಡಲಿಲ್ಲ. ಆಂಥಮ್, ಸ್ಪೆಕ್ಟ್ರಮ್ ಥರದ ದೊಡ್ಡ ಹಡಗುಗಳು 350 ಮೀಟರ್ ಹತ್ತಿರ ಉದ್ದ ಇರುತ್ತವೆ. ಹದಿನೈದು ಬೋಗಿಯ ರೈಲು ಅಂದುಕೊಳ್ಳಿ. ಮಂಡಿ ನೋವಿನವರು ಊಟ ತಿಂಡಿಗೆ ದಿನಕ್ಕೆ ಮೂರು ಸಲ ಆ ತುದಿಯಿಂದ ಈ ತುದಿಗೆ ನಡೆದರೆ ಗತಿ ಏನು?

ಅದಕ್ಕೇ ನಿಮ್ಮ ಆರು ಜನಕ್ಕೆ ಎರಡು ರೂಮು, ಅಕ್ಕಪಕ್ಕದ್ದು, ಆದರೆ ನಡುವೆ ಬಾಗಿಲು ಇರುವಂಥದ್ದು ಕೇಳಿ. ಹಡಗಿನ ನಡುಭಾಗದಲ್ಲಿ, ಲಿಫ್ಟ್ ಹತ್ತಿರ ಇರಲಿ. ಮೇಲಿನ ಮಹಡಿಯಲ್ಲೂ ಕೆಳಗಿನ ಮಹಡಿಯಲ್ಲೂ ಬರೀ ರೂಮುಗಳೇ ಇರಬೇಕು. ಮಹಡಿಗಳ ನಕ್ಷೆ ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಬುಕ್ ಮಾಡುವಾಗಲೇ ರೂಮ್ ನಂಬರ್ ಬರೆಸಿಕೊಳ್ಳಿ. ನಾಲ್ಕು ಜನ ಒಂದೇ ರೂಮಲ್ಲಿ ಇದ್ದರೆ ಅಗ್ಗ, ನಿಜ. ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ದರ ಕಡಿಮೆ. ಆದರೆ ಬಚ್ಚಲು ಎಷ್ಟು ಸಣ್ಣದು ಅಂದರೆ ಸೋಪು ಬಿದ್ದರೆ ಬಗ್ಗಿ ತೆಗೆಯುವುದೂ ಕಷ್ಟ.

ದುಡ್ಡು ಸ್ವಲ್ಪ ಜಾಸ್ತಿಯಾದರೂ ಹಿರಿಯರಿಗೆ ಬಾಲ್ಕನಿ ರೂಮು ಕೊಡಿಸಿ. ಎರಡನೇ ದಿನ ಗಲಾಟೆ ಮಾಡಿ ಅಮ್ಮನಿಗೆ ಬೇರೆ ರೂಮು ಕೊಡಿಸಿದೆವು. ಆಮೇಲೆ ಅವರು ಬಾಲ್ಕನಿ ಬಿಟ್ಟು ಎದ್ದೇ ಇಲ್ಲ. ಸಹಸ್ರನಾಮ ಹೇಳಿಕೊಂಡು ಸಮುದ್ರ ನೋಡುತ್ತಾ ಕೂತಿದ್ದರು. ನಾವು ಮಕ್ಕಳ ಹಿಂದೆ ನೀರಿನ ಜಾರುಬಂಡೆಗೆ ಓಡಿದೆವು. ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕು ಅಂತ ಹಟ ಹಿಡಿದರೆ ಮಾತ್ರ ಜಗಳ ಗ್ಯಾರಂಟಿ.

ಊಟದ ವಿಷಯ. ಬುಕ್ ಮಾಡುವಾಗಲೇ ಜೈನ್ ಊಟ ಅಂತ ಬರೆಸಿ. 'ಈರುಳ್ಳಿ ಬೇಡ' ಅಂತ ಹೇಳಿದರೆ ಅಡುಗೆಯವರಿಗೆ ಅರ್ಥವಾಗುವುದಿಲ್ಲ, ಜೈನ್ ಅಂದರೆ ತಕ್ಷಣ ಅರ್ಥವಾಗುತ್ತದೆ. ಹತ್ತಿದ ದಿನವೇ ದೊಡ್ಡ ಡೈನಿಂಗ್ ಹಾಲಿನ ಮುಖ್ಯಸ್ಥರನ್ನು ನೋಡಿ, ನಾಳೆಗೆ ಏನು ಬೇಕು ಅಂತ ಇವತ್ತೇ ಹೇಳಿಬಿಡಿ. ನಮ್ಮ ಟೇಬಲ್ಲಿನ ಹುಡುಗ ಮೂರನೇ ದಿನ ಕೇಳದೇನೇ ಮೊಸರನ್ನ ತಂದಿಟ್ಟ. ಬುಫೆಯಲ್ಲಿ ಮಾತ್ರ ಹುಷಾರು. ತರಕಾರಿ ನೂಡಲ್ಸ್ ಅಂತ ಕಂಡರೂ ಮೀನಿನ ಸಾಸ್ ಹಾಕಿರಬಹುದು. ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಹಡಗು ಹೊರಡುವ ದಿನವೇ ಸಿಂಗಾಪುರಕ್ಕೆ ಇಳಿಯಬೇಡಿ. ಬೆಂಗಳೂರಿನಿಂದ ವಿಮಾನ ನಾಲ್ಕೂವರೆ ಗಂಟೆ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಒಂದು ದಿನ ಮುಂಚೆ ಹೋಗಿ ಸೆರಂಗೂನ್ ರಸ್ತೆಯ ಕಡೆ ಉಳಿದುಕೊಳ್ಳಿ. ಅಲ್ಲಿ ನಮ್ಮ ಎಂಟಿಆರ್ ಇದೆ. ರವೆ ಇಡ್ಲಿ ಕಂಡ ಮೇಲೆ ಅಮ್ಮನಿಗೆ ಜೀವ ಬಂತು.

ಫುಕೆಟ್‌ನಲ್ಲಿ ದೊಡ್ಡ ಹಡಗು ಪಟಾಂಗ್ ಹತ್ತಿರ ಸಮುದ್ರದಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಮಂಡಿ ನೋವಿನವರಿಗೆ ಬೇಡವೇ ಬೇಡ. ಪೆನಾಂಗ್‌ನಲ್ಲಿ ಆ ಕಷ್ಟ ಇಲ್ಲ. ಹಡಗು ಜಾರ್ಜ್‌ಟೌನ್ ಊರ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಕ್ವೀನ್ ಸ್ಟ್ರೀಟ್‌ನ ಮಾರಿಯಮ್ಮನ ಗುಡಿ 1833ರದು, ಬಂದರಿನಿಂದ ದೂರವಿಲ್ಲ. ನಿಮ್ಮ ಅತ್ತೆಗೆ ಖಂಡಿತ ಹಿಡಿಸುತ್ತದೆ.

ಆರ್.ಆರ್. ನಗರ:
ಪಾಸ್‌ಪೋರ್ಟ್ ಏಪ್ರಿಲ್ ಒಳಗೆ ಬರದಿದ್ದರೆ ಮುಂಬೈಯೇ ಸರಿ ಅಕ್ಕ. ದೇಶದೊಳಗಿನ ಪ್ರಯಾಣಕ್ಕೆ ಆಧಾರ್ ಥರದ ಗುರುತಿನ ಚೀಟಿ ಸಾಕು. ನಾವು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು, ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಹಡಗುಕಟ್ಟೆ ಹತ್ತಿರ. ಆದರೆ ಸಿಂಗಾಪುರದ ಹಡಗಿನ ಕನಸು ಇಟ್ಟುಕೊಂಡು ಹೋಗಬೇಡಿ. ನಾವು ಹೋದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಸೇವೆಗೆ ಬಂದ, 48 ಸಾವಿರ ಟನ್ನಿನ ಹಡಗು. ಈಗಿನ ಐಕಾನ್ ಆಫ್ ದ ಸೀಸ್ ಸುಮಾರು 2 ಲಕ್ಷ 48 ಸಾವಿರ ಟನ್. ಲೆಕ್ಕ ನೀವೇ ಹಾಕಿ. ಆದರೆ ಸಣ್ಣ ಹಡಗಲ್ಲಿ ನಡಿಗೆ ಕಡಿಮೆ, ದಾಲ್, ಅನ್ನ, ರೊಟ್ಟಿ ಕೇಳದೇನೇ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಅರಬ್ಬಿ ಸಮುದ್ರದ ಕಡೆ ತಲೆ ಹಾಕಬೇಡಿ. ನಿಮ್ಮದು ಏಪ್ರಿಲ್, ತೊಂದರೆ ಇಲ್ಲ.

ಇಂದಿರಾನಗರ:
ದರ ನಂಬಬಹುದಾ ಅಂತ ಕೇಳಿದ್ದೀರಿ. ಅದು ಬಾಗಿಲು ತೆಗೆಸುವ ದರ ಅಷ್ಟೇ. ದೊಡ್ಡ ಹಾಲಿನ ಊಟ, ಬುಫೆ, ಈಜುಕೊಳ, ನಾಟಕ, ಮ್ಯಾಜಿಕ್ ಎಲ್ಲ ಅದರಲ್ಲೇ ಬರುತ್ತದೆ. ಕೋಲಾ, ಮದ್ಯ, ವೈಫೈ, ವಿಶೇಷ ಹೋಟೆಲು, ಊರು ಸುತ್ತುವ ಬಸ್ಸು, ಇವಕ್ಕೆಲ್ಲ ಬೇರೆ. ಎಲ್ಲಕ್ಕಿಂತ ಕಣ್ಣು ತೆರೆಸುವುದು ಟಿಪ್ಸ್. ದಿನಕ್ಕೆ ತಲೆಗೆ 18 ಡಾಲರ್ ಅಂತ ಹಿಡಿದರೂ ಆರು ಜನ, ನಾಲ್ಕು ರಾತ್ರಿಗೆ 432 ಡಾಲರ್! ಮಗುವಿಗೂ ಲೆಕ್ಕ ಹಾಕುತ್ತಾರೆ. ನಾಲ್ಕು ವರ್ಷದ ಮಗು ಯಾರಿಗೆ ಟಿಪ್ಸ್ ಕೊಡುತ್ತೋ ದೇವರಿಗೇ ಗೊತ್ತು. ಹಡಗು ಹತ್ತಿದ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದ ಮಧ್ಯೆ ಉಪಗ್ರಹದ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ. ವಿಮೆ ಕಡ್ಡಾಯ ಮಾಡಿಸಿ, ಮಾವನ ಶುಗರ್ ಮುಚ್ಚಿಡಬೇಡಿ. ಹಡಗಿನ ಡಾಕ್ಟರ ಬಿಲ್ಲೂ ಡಾಲರಲ್ಲೇ. ಟೂರ್ ಪ್ಯಾಕೇಜಿನ ಜೊತೆ ವಸೂಲಿ ಮಾಡುವ ಟಿಸಿಎಸ್ ಅನ್ನುವ ತೆರಿಗೆಯನ್ನು ಆಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ.

ಚಾಮರಾಜಪೇಟೆ:
ಸುಮ್ನೆ ಯಾಕ್ರೀ ಇಷ್ಟೆಲ್ಲ? ಮುರುಡೇಶ್ವರದಲ್ಲಿ ಸಮುದ್ರ ಇಲ್ವಾ?

ಮಲ್ಲೇಶ್ವರ:
ಇದೆ ಸರ್. ಆದರೆ ಅಲ್ಲಿ ಎಲ್ಲರೂ ಒಂದೇ ಕಾರಿನಲ್ಲಿ ಹತ್ತು ಗಂಟೆ ಕೂತು ಹೋಗಬೇಕಲ್ವಾ?

ಬನಶಂಕರಿ:
ಎಲ್ಲರಿಗೂ ಧನ್ಯವಾದ. ಸಿಂಗಾಪುರ ಅಂತಲೇ ಆಗುವ ಹಾಗಿದೆ. ವಾಂತಿ, ತಲೆಸುತ್ತು ಬರುತ್ತಾ? ಸಣ್ಣವಳನ್ನು ಎಲ್ಲಾದರೂ ಬಿಟ್ಟು ನಾವಿಬ್ಬರು ಒಂದು ಗಂಟೆ ಕೂರಬಹುದಾ?

ವಿಜಯನಗರ:
ಸಿಂಗಾಪುರದ ಹಡಗು ಹಾದುಹೋಗುವ ಮಲಕ್ಕಾ ಜಲಸಂಧಿಗೆ ಎರಡೂ ಕಡೆ ನೆಲ ಅಡ್ಡ ಇದೆ, ಅಲೆ ಕಡಿಮೆ. ಊರ ಬಸ್ಸಿನಲ್ಲಿ ಘಾಟಿ ಹತ್ತುವಾಗ ವಾಂತಿ ಮಾಡುವವರು ಮಾತ್ರ ಅವೊಮಿನ್ ಥರದ ಮಾತ್ರೆ ಇಟ್ಟುಕೊಳ್ಳಲಿ. ಹಿರಿಯರಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಮಕ್ಕಳ ಕ್ಲಬ್ಬಿಗೆ ಮೂರು ತುಂಬಿದವರನ್ನು ಸೇರಿಸಿಕೊಳ್ಳುತ್ತಾರೆ, ಡೈಪರ್ ಬಿಟ್ಟಿರಬೇಕು. ಮಾವನ ಮಾತ್ರೆ, ಇನ್ಸುಲಿನ್ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸ್ ಹಡಗುಕಟ್ಟೆಯಲ್ಲೇ ತೆಗೆದುಕೊಳ್ಳುತ್ತಾರೆ, ರೂಮಿಗೆ ಬರುವುದು ಸಂಜೆ.

ಇನ್ನೊಂದು. ಅತ್ತೆಯ ಹೆಸರಿಗೆ ಇನಿಷಿಯಲ್ ಇದ್ದರೆ ಪಾಸ್‌ಪೋರ್ಟ್‌ಗೆ ಅದನ್ನು ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಒಂದು ಥರ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ನಮ್ಮ ಕಡೆ ಊರು, ಅಪ್ಪ, ಗಂಡ ಎಲ್ಲ ಸೇರಿ ಎರಡು ಅಕ್ಷರ ಆಗಿರುತ್ತಲ್ಲ, ಅದೇ ತಲೆನೋವು. ವಿಮಾನಕ್ಕೂ ಹಡಗಿಗೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಹೆಸರು ಕೊಡಿ. ಸಿಂಗಾಪುರಕ್ಕೆ ಎರಡು ಸಲ ಒಳಗೆ ಬರುತ್ತೀರಿ. ವೀಸಾ ಒಂದೇ ಎಂಟ್ರಿಯದಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಅರೈವಲ್ ಕಾರ್ಡನ್ನೂ ಎರಡು ಸಲ ತುಂಬಿ. ಮಲೇಷ್ಯಾ, ಥಾಯ್ಲೆಂಡ್ ನಿಯಮ ಆಗಾಗ ಬದಲಾಗುತ್ತದೆ, ಬುಕ್ ಮಾಡುವ ಮುಂಚೆ ನೋಡಿ.

ಬನಶಂಕರಿ:
ಕೊನೇ ಪ್ರಶ್ನೆ, ಇದು ಅತ್ತೆಯದು. ರೂಮಲ್ಲಿ ದೇವರಿಗೆ ದೀಪ ಹಚ್ಚಬಹುದಾ?

ಮಲ್ಲೇಶ್ವರ:
ಖಂಡಿತ ಆಗಲ್ಲ ಮೇಡಂ. ದೀಪ, ಊದಿನಕಡ್ಡಿ, ಕರ್ಪೂರ ಒಂದೂ ಬೇಡ. ಹಡಗಿನಲ್ಲಿ ಬೆಂಕಿಗೆ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಕೆಟಲ್, ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಇದ್ದರೂ ಎತ್ತಿಟ್ಟುಕೊಳ್ಳುತ್ತಾರೆ. ನಮ್ಮಮ್ಮ ಬ್ಯಾಟರಿ ದೀಪ ಇಟ್ಟುಕೊಂಡಿದ್ದರು.

ಬನಶಂಕರಿ:
ಓದಿ ಹೇಳಿದೆ. ಬ್ಯಾಟರಿ ದೀಪ ತರೋಕೆ ಮಾವನನ್ನು ಈಗಲೇ ಚಿಕ್ಕಪೇಟೆಗೆ ಓಡಿಸಿದ್ದಾರೆ. ಪಾಸ್‌ಪೋರ್ಟ್‌ಗೆ ಇನ್ನೂ ಅರ್ಜಿಯೇ ಹಾಕಿಲ್ಲ.